ಸದ್ದು ಮತ್ತು ಹತೋಟಿ: ಸಿಮ್ಯುಲೇಟರಿನ ಜೋಡಿ ಎಂಜಿನ್ ಯುದ್ಧವಿಮಾನಗಳ ವಾಸ್ತವತೆಯ ಬಗ್ಗೆ

ನನ್ನ ಧ್ವನಿ ಕೇಳಿಸ್ತಾ ಇದೆ ಅಂತ ಚಾಟ್‌ನಲ್ಲಿ ಬಂದಿದೆ, ಹಾಗಾಗಿ ಶುರು ಮಾಡ್ತೀನಿ. ಇದನ್ನ ಕೇಳೋದಕ್ಕೆ ಕಾರಣ ಇದೆ. ಹೋದ ವಾರ ತಯಾರಿ ಮಾಡುವಾಗ ಸಿಮ್ಯುಲೇಟರಿನಿಂದ ರೆಕಾರ್ಡ್ ಮಾಡಿಕೊಂಡ ಎಂಜಿನ್ ಸದ್ದೊಂದನ್ನು ಗೆಳೆಯರಿಗೆ ಕೇಳಿಸಿದೆ. ಅವರಿಗೆ ನನ್ನ ಕೆಮ್ಮು ಕೇಳಿಸಿತು, ಎಂಜಿನ್ ಕೇಳಿಸಲಿಲ್ಲ. ಒಂದೇ ಸಮನೆ ಬರುವ ಮೊರೆತವನ್ನು ಈ ಆ್ಯಪ್ ಗದ್ದಲ ಅಂತ ತಿಳಿದು ಅಳಿಸಿಬಿಡುತ್ತದೆ. ಯಾವುದು ಸದ್ದು, ಯಾವುದು ಗದ್ದಲ ಅಂತ ಯಾರೋ ಮೊದಲೇ ತೀರ್ಮಾನ ಮಾಡಿರುತ್ತಾರೆ. ನನ್ನ ಪ್ರಬಂಧದ ವಿಷಯವೂ ಸುಮಾರಾಗಿ ಅದೇ.

ಕನ್ನಡ ಎಂ.ಎ. ವಿದ್ಯಾರ್ಥಿಗೆ ಯುದ್ಧವಿಮಾನದ ಉಸಾಬರಿ ಯಾಕೆ ಅಂತ ಕೇಳಬಹುದು. ನಮ್ಮೂರು ತಳಿ. ಹೊಸೂರಿನಿಂದ ತಳಿಗೆ ಬರುವ ದಾರಿಯಲ್ಲಿ ಬೆಳಗೊಂಡಪಲ್ಲಿ ಸಿಗುತ್ತದೆ, ಅಲ್ಲಿ ತನೇಜಾ ಏರೋಸ್ಪೇಸ್‌ನವರ ರನ್‌ವೇ ಇದೆ. 1990ರ ದಶಕದಲ್ಲಿ ಅಲ್ಲಿ ಇಟಲಿಯ ಪಾರ್ಟೆನಾವಿಯ ಪಿ-68 ಅನ್ನುವ ಚಿಕ್ಕ ಜೋಡಿ ಎಂಜಿನ್ ವಿಮಾನ ತಯಾರಾಗುತ್ತಿತ್ತು. ನಾನು ಹುಟ್ಟುವ ಹೊತ್ತಿಗೆ ಆ ಸಂಭ್ರಮ ಮುಗಿದಿತ್ತು, ಆದರೂ ಊರಿನ ದೊಡ್ಡವರು ಅದರ ಸದ್ದನ್ನು ಬಾಯಲ್ಲಿ ಮಾಡಿ ತೋರಿಸುತ್ತಾರೆ: 'ವ್ವೋಂ... ವ್ವೋಂ...' ಅಂತ ಏರಿ ಇಳಿಯುವ ಸದ್ದು. ಜೋಡಿ ಎಂಜಿನ್ ಅಂದರೆ ಏನು ಅಂತ ನನಗೆ ಮೊದಲು ತಿಳಿಸಿದ್ದು ಈ ಅನುಕರಣ ಶಬ್ದ.

ಅದು ಬರೀ ಕಲ್ಪನೆಯಲ್ಲ. ಎರಡನೇ ಮಹಾಯುದ್ಧದ ಮಸ್ಕಿಟೊ ವಿಮಾನವನ್ನೇ ತೆಗೆದುಕೊಳ್ಳಿ. ಎರಡು ಮರ್ಲಿನ್ ಎಂಜಿನ್, ಒಂದೊಂದಕ್ಕೂ ಮೂರು ಅಲಗಿನ ಪಂಖ. ಎಂಜಿನ್ ನಿಮಿಷಕ್ಕೆ 2,850 ಸುತ್ತು ತಿರುಗಿದರೆ, ಗೇರ್ ಅದನ್ನು 0.42 ಪಾಲಿಗೆ ಇಳಿಸಿ, ಪಂಖ ಸುಮಾರು 1,200 ಸುತ್ತು ತಿರುಗುತ್ತದೆ. ಮೂರು ಅಲಗು ಲೆಕ್ಕಕ್ಕೆ ಹಿಡಿದರೆ ಗಾಳಿಗೆ ಸೆಕೆಂಡಿಗೆ 60 ಏಟು. ಪಕ್ಕದ ಎಂಜಿನ್ ಬರೀ 25 ಸುತ್ತು ಹಿಂದೆ ಬಿದ್ದರೂ ಸಾಕು, ಹೆಚ್ಚುಕಡಿಮೆ ಎರಡು ಸೆಕೆಂಡಿಗೊಮ್ಮೆ ಸದ್ದು ಉಬ್ಬಿ ಇಳಿಯುತ್ತದೆ. ತಂಬೂರಿಯ ಎರಡು ತಂತಿ ಇನ್ನೂ ಕೂಡದೆ ಇದ್ದಾಗ ಆಗುತ್ತದಲ್ಲ, ಹಾಗೆ. ಪೈಲಟ್‌ಗಳು ಇದನ್ನ ಕೇಳಿಸಿಕೊಂಡೇ ಎರಡು ಎಂಜಿನ್ನನ್ನು ಶ್ರುತಿಗೆ ತರುತ್ತಿದ್ದರು. ಅಂದರೆ ಇಲ್ಲಿ ಸದ್ದು ಅಲಂಕಾರವಲ್ಲ, ಕೈಗೆ ಕೊಟ್ಟ ಸೂಚನೆ.

ಮಸ್ಕಿಟೊ ನಮಗೇನೂ ದೂರದ್ದಲ್ಲ. 1944ರಲ್ಲಿ ಯಲಹಂಕದಲ್ಲಿ ಬ್ರಿಟಿಷ್ ವಾಯುಪಡೆಯವರು ಅದನ್ನು ಹಾರಿಸೋದು ಕಲಿಯುತ್ತಿದ್ದರು. ಕಲಿಯೋದಕ್ಕೆ ಸುಲಭದ ವಿಮಾನವೂ ಅಲ್ಲ. ಎರಡೂ ಪಂಖ ಒಂದೇ ದಿಕ್ಕಿಗೆ ತಿರುಗುವುದರಿಂದ ಓಡುವಾಗ ಮೂತಿ ಎಡಕ್ಕೆ ಎಳೆಯುತ್ತದೆ. ಅದಕ್ಕೇ ಎಡಗಡೆ ಥ್ರಾಟಲ್ ಸ್ವಲ್ಪ ಮುಂದೆ ತಳ್ಳಿಕೊಂಡು ಹೊರಡಬೇಕು. ಅಮೆರಿಕದ ಪಿ-38 ಲೈಟ್ನಿಂಗ್‌ನಲ್ಲಿ ಪಂಖಗಳು ಎದುರುಬದುರು ತಿರುಗುತ್ತವೆ, ಈ ಎಳೆತ ಇಲ್ಲ. ಅದರ ಟರ್ಬೊಗಳು ಹೊಗೆಕೊಳವೆಯ ಅಬ್ಬರವನ್ನು ನುಂಗುವುದರಿಂದ ಸದ್ದೂ ಮೆತ್ತಗೆ. ನಾನು ಆಡುವ ಸಿಮ್ಯುಲೇಟರುಗಳಲ್ಲಿ ಈ ಎಳೆತದ ವ್ಯತ್ಯಾಸ ಚೆನ್ನಾಗೇ ಬರುತ್ತದೆ, ಮಸ್ಕಿಟೊವನ್ನು ಮೊದಲ ಸಲ ಓಡಿಸಿದಾಗ ಹುಲ್ಲಿಗೆ ಇಳಿಸಿದೆ. ತಕರಾರು ಇರೋದು ಬೇರೆ ಕಡೆ.

ಹಾರುತ್ತಾ ಒಂದು ಎಂಜಿನ್ ಸತ್ತರೆ ಸಿಮ್ಯುಲೇಟರಿನಲ್ಲಿ ಏನಾಗುತ್ತದೆ? ಒಂದು ಹೆಡ್‌ಫೋನ್ ಹೆಚ್ಚುಕಡಿಮೆ ಮೌನವಾಗುತ್ತದೆ. ತಕ್ಷಣ ಗೊತ್ತಾಗುತ್ತದೆ: ಬಲಗಡೆಯದು ಹೋಯಿತು. ನಿಜವಾದ ವಿಮಾನದಲ್ಲಿ ಅಷ್ಟು ಸಲೀಸಾಗಿ ಗೊತ್ತಾಗುವುದಿಲ್ಲ. ಎಂಜಿನ್ ಶಕ್ತಿ ಕಳೆದುಕೊಂಡರೂ ಎದುರುಗಾಳಿಗೆ ಪಂಖ ತಿರುಗುತ್ತಲೇ ಇರುತ್ತದೆ, ವೇಗ ಕಾಯುವ ಗವರ್ನರ್ ಅಲಗಿನ ಕೋನ ಬದಲಿಸಿ ಸುತ್ತಿನ ಸಂಖ್ಯೆಯನ್ನು ಬೀಳಲು ಬಿಡುವುದಿಲ್ಲ. ಮೀಟರೂ ಸುಳ್ಳು ಹೇಳುತ್ತದೆ, ಕಿವಿಯೂ ಮೋಸ ಹೋಗುತ್ತದೆ. ನಿಜ ಗೊತ್ತಾಗೋದು ಕಾಲಿಗೆ. ವಿಮಾನವನ್ನು ನೇರ ಇಡಲು ಯಾವ ಕಾಲು ಪೆಡಲ್ ಒತ್ತುತ್ತಿದೆಯೋ ಆ ಕಡೆಯ ಎಂಜಿನ್ ಬದುಕಿದೆ, ಯಾವ ಕಾಲಿಗೆ ಕೆಲಸವಿಲ್ಲವೋ ಆ ಕಡೆಯದು ಸತ್ತಿದೆ. ಇದು ಜೋಡಿ ಎಂಜಿನ್ ಕಲಿಯುವ ಎಲ್ಲರಿಗೂ ಹೇಳಿಕೊಡುವ ಪಾಠ.

ಹಾಗಾದರೆ ಸಿಮ್ಯುಲೇಟರಿನ ಮೌನ ಸುಳ್ಳು. ಈ ಪ್ರಬಂಧದ ಮೊದಲ ಕರಡಿನಲ್ಲಿ ಹಾಗೇ ಬರೆದು, ಗೆದ್ದೆ ಅಂದುಕೊಂಡಿದ್ದೆ. ಆಮೇಲೆ ನನ್ನ ಮೇಜಿನ ಕೆಳಗೆ ನೋಡಿಕೊಂಡೆ. ನನ್ನ ಹತ್ತಿರ ಪೆಡಲೇ ಇಲ್ಲ. ಅಗ್ಗದ ಜಾಯ್‌ಸ್ಟಿಕ್ ಒಂದಿದೆ, ಅದನ್ನು ತಿರುಚಿದರೆ ರಡ್ಡರ್ ತಿರುಗುತ್ತದೆ. ಕುರ್ಚಿ ವಾಲುವುದಿಲ್ಲ, ಬೆನ್ನಿಗೆ ನಡುಕ ಬರುವುದಿಲ್ಲ. ಕಾಲಿಗೆ ತಿಳಿಯಬೇಕಾದ್ದನ್ನು ಯಾರಾದರೂ ಹೇಳಲೇಬೇಕು, ಉಳಿದಿರೋದು ಕಿವಿ ಒಂದೇ. ಅಲ್ಲಿಗೆ ಆ ಸುಳ್ಳಿಗೂ ಒಂದು ನ್ಯಾಯ ಇದೆ.

ಧ್ವನಿ ಅನ್ನುವ ಪದವನ್ನು ಇಲ್ಲಿ ತಪ್ಪಿಸಿಕೊಳ್ಳಲು ನೋಡಿದೆ, ಆಗಲಿಲ್ಲ. ಆನಂದವರ್ಧನನ ಧ್ವನಿಗೂ ಎಂಜಿನ್ ಸದ್ದಿಗೂ ಗಂಟು ಹಾಕಿದರೆ ಮೇಷ್ಟ್ರು ನಗುತ್ತಾರೆ. ಆದರೆ ಹೇಳದೇ ಇರುವುದನ್ನು ಹೊಳೆಯಿಸುವುದು ಧ್ವನಿ ಅನ್ನುವುದಾದರೆ, ಒಂದು ಕಡೆ ವಾಲ್ಯೂಮ್ ಇಳಿಸುವುದು ಧ್ವನಿಯಲ್ಲ, ನೇರ ವಾಚ್ಯ. 'ಬಲ ಎಂಜಿನ್ ಸತ್ತಿದೆ' ಅಂತ ಬೋರ್ಡು ಬರೆದು ತೂಗುಹಾಕಿದ ಹಾಗೆ. ವಿಮಾನ ಅಡ್ಡಡ್ಡ ಜಾರುವಾಗ ಗಾಜಿನ ಮೇಲೆ ಗಾಳಿ ಉಜ್ಜುವ ಸದ್ದು ಬದಲಾಗುತ್ತದೆ. ಅದು ನಿಜವೂ ಹೌದು, ಸೂಚನೆಯೂ ಹೌದು. ಎಂಜಿನ್ ಮೊರೆತವನ್ನು ಹಾಗೇ ಬಿಟ್ಟು, ಗಾಳಿಯ ಸದ್ದನ್ನು ಒಂದು ಪಕ್ಕಕ್ಕೆ ಒರಟು ಮಾಡಿದ್ದರೆ, ಕಾಲಿಲ್ಲದ ನನ್ನಂಥ ಪೈಲಟ್ ಅರೆಕ್ಷಣ ತಡಕಾಡಿ ಕಂಡುಕೊಳ್ಳುತ್ತಿದ್ದೆ. ಆ ಅರೆಕ್ಷಣದ ಗಾಬರಿಯೇ ಜೋಡಿ ಎಂಜಿನ್ ವಿಮಾನದ ವಾಸ್ತವ ಅನ್ನುವುದು ನನ್ನ ವಾದ. ಸದ್ದು ಅಸಲಿ ರೆಕಾರ್ಡಿಂಗಿಗೆ ಎಷ್ಟು ಹೋಲುತ್ತದೆ ಅನ್ನುವುದು ಆಮೇಲಿನ ಮಾತು.

ಕಾದಂಬರಿಗಳಲ್ಲೂ ಇದನ್ನ ನೋಡಿದ್ದೀವಿ. ಪಾತ್ರಗಳ ಬಾಯಲ್ಲಿ ಆಡುಮಾತು, ನಿರೂಪಕನ ಬಾಯಲ್ಲಿ ಶಿಷ್ಟ ಕನ್ನಡ. ಆಡುಮಾತು ಸದ್ದಾಗಿ ಬರುತ್ತದೆ, ಕಥೆಯ ಚುಕ್ಕಾಣಿ ಬೇರೆಯವರ ಕೈಲಿರುತ್ತದೆ. ದೇವನೂರ ಮಹಾದೇವರ 'ಕುಸುಮಬಾಲೆ'ಯಲ್ಲಿ ನಿರೂಪಣೆಯೇ ನಂಜನಗೂಡು ಸೀಮೆಯ ಮಾತಿನಲ್ಲಿದೆ. ಅಲ್ಲಿ ಸದ್ದು, ಹತೋಟಿ ಎರಡೂ ಒಂದೇ ಕೈಲಿವೆ. ಇದು ನನಗೆ ಬರೀ ಸಿದ್ಧಾಂತ ಅಲ್ಲ. ತಮಿಳು ತೆಲುಗು ಬೆರೆತ ನಮ್ಮ ತಳಿ ಕನ್ನಡ ಕೇಳಿ, ಮೊದಲ ವರ್ಷದಲ್ಲಿ ಒಬ್ಬರು 'ಇದು ಒರಿಜಿನಲ್ ಕನ್ನಡ ಅಲ್ಲ ಬಿಡಿ' ಅಂದಿದ್ದರು. ಒರಿಜಿನಲ್ ಅನ್ನುವುದನ್ನು ಅವರು ಯಾವ ರೆಕಾರ್ಡಿಂಗಿನಿಂದ ಕಲಿತರೋ.

ಈಗ ನಮ್ಮ ತಾತನ ವಿಷಯ. ತಾತ ಬೆಂಗಳೂರಿನ ಎಚ್‌ಎಎಲ್ ಎಂಜಿನ್ ವಿಭಾಗದಲ್ಲಿ ಫಿಟ್ಟರ್ ಆಗಿದ್ದವರು, ಆರ್ಫಿಯಸ್ ಎಂಜಿನ್ ಕಟ್ಟಿದ ಕೈ. ಏಳು ಹಂತದ ಕಂಪ್ರೆಸರಿನ ಜೆಟ್ ಎಂಜಿನ್ ಅದು. ನ್ಯಾಟ್‌ಗೆ ಒಂದು ಹಾಕುತ್ತಿದ್ದರು, ಎಚ್‌ಎಫ್-24 ಮಾರುತಕ್ಕೆ ಎರಡು. ಕುರ್ಟ್ ಟ್ಯಾಂಕ್ ವಿನ್ಯಾಸ ಮಾಡಿದ ಮಾರುತ 1961ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಮೊದಲು ಹಾರಿತು, ಹಾರಿಸಿದವರು ಸುರಂಜನ್ ದಾಸ್. ಅವರು 1970ರ ಜನವರಿಯಲ್ಲಿ ಮಾರುತದ್ದೇ ಪರೀಕ್ಷಾ ಹಾರಾಟದಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿ ಅವರ ಹೆಸರಿನ ರಸ್ತೆ ಇದೆ. ಆ ದೇಹಕ್ಕೆ ಬೇಕಾದಷ್ಟು ಬಲದ ಎಂಜಿನ್ ಮಾರುತಕ್ಕೆ ಕೊನೆಯವರೆಗೂ ಸಿಗಲೇ ಇಲ್ಲ. ಆದರೆ ಎರಡು ಎಂಜಿನ್ ಹೊಟ್ಟೆಯೊಳಗೆ ಅಕ್ಕಪಕ್ಕ ಇದ್ದುದರಿಂದ ಒಂದು ಹೋದರೆ ಮಸ್ಕಿಟೊ ಥರ ಪಕ್ಕಕ್ಕೆ ಎಳೆಯುತ್ತಿರಲಿಲ್ಲ. 1971ರ ಯುದ್ಧದಲ್ಲಿ ಏಟು ತಿಂದು ಒಂದೇ ಎಂಜಿನ್ನಿನಲ್ಲಿ ವಾಪಸ್ ಬಂದ ಮಾರುತಗಳಿವೆ.

ನಾನು ಇದನ್ನೆಲ್ಲ ಓದುವಾಗ ಸಿಕ್ಕ ಒಂದು ಸಂಗತಿ ಇನ್ನೂ ತಲೆಯಿಂದ ಹೋಗಿಲ್ಲ. ಮಾರುತ ಹಾರುವ ಮೊದಲು, 1959ರ ಏಪ್ರಿಲ್‌ನಲ್ಲಿ, ಎಚ್‌ಎಎಲ್‌ನವರು ಅದೇ ಅಳತೆಯ ಮರದ ಗ್ಲೈಡರ್ ಮಾಡಿ ಡಕೋಟಾ ವಿಮಾನಕ್ಕೆ ಕಟ್ಟಿ ಎಳೆದು ಹಾರಿಸಿದರು. ಎಂಜಿನ್ ಇಲ್ಲ, ಸದ್ದಿಲ್ಲ, ಬರೀ ಹ್ಯಾಂಡ್ಲಿಂಗ್. ಕಂಪ್ಯೂಟರ್ ಇಲ್ಲದ ಕಾಲದ ಸಿಮ್ಯುಲೇಟರ್ ಅದು, ಅದಕ್ಕಿಂತ ಪ್ರಾಮಾಣಿಕವಾದದ್ದನ್ನು ನಾನು ಕಂಡಿಲ್ಲ. ತನಗೆ ಗೊತ್ತಿಲ್ಲದ್ದನ್ನು ಅದು ಬಾಯಿಬಿಟ್ಟು ನಟಿಸಲಿಲ್ಲ. ತಾತನ ಅನುಭವ ಇದರ ತಿರುಗುಮುರುಗು: ಪರೀಕ್ಷಾ ಸ್ಟ್ಯಾಂಡಿಗೆ ಬಿಗಿದ ಎಂಜಿನ್, ಬರೀ ಸದ್ದು, ಎಲ್ಲಿಗೂ ಹಾರೋದಿಲ್ಲ.

ತಾತನಿಗೆ ಹೆಡ್‌ಫೋನ್ ಹಾಕಿ ಸಿಮ್ಯುಲೇಟರಿನ ಜೋಡಿ ಜೆಟ್ಟೊಂದನ್ನು ಕೇಳಿಸಿದೆ. ವಯಸ್ಸಾದ ಕಿವಿ, ಸ್ವಲ್ಪ ಹೊತ್ತು ಕೇಳಿ ತೆಗೆದುಬಿಟ್ಟರು. ಸ್ಪೀಕರಿಗೆ ಹಾಕು ಅಂದರು, ಮೇಜಿನ ಮೇಲೆ ಅಂಗೈ ಇಟ್ಟರು.

"ಚೆನ್ನಾಗೈತೆ ಮಗಾ. ಆದ್ರೆ ಇದು ಯಾರಿಗೆ ಕೇಳ್ತಿರೋದು? ಒಳಗ್ ಕುಂತೋನಿಗಾ, ಹೊರಗ್ ನಿಂತೋನಿಗಾ?"

ಒಳಗೆ ಕೂತವನಿಗೆ ತಾತ ಅಂದೆ.

"ಒಳಗಿರೋನಿಗೆ ಹೆಲ್ಮೆಟ್ ಇರ್ತದೆ, ಜೆಟ್ಟಿನ ಸದ್ದು ಹಿಂದಕ್ಕೆ ಹೋಗ್ತದೆ. ಇದು ಹೊರಗಿನೋರ ಸದ್ದು. ನಮ್ದು."

ನಾನು ಆರು ತಿಂಗಳು ಸಿಮ್ಯುಲೇಟರಿನ ಕಾಕ್‌ಪಿಟ್ಟಿನಲ್ಲಿ ಕೂತು ಕೇಳಿದ್ದು ನೆಲದ ಮೇಲೆ ನಿಂತವರ ಕಿವಿಯಿಂದ. ಆಟದಲ್ಲಿ ನೆಲದ ಮೇಲೆ ಮನೆಗಳಿವೆ, ರಸ್ತೆಗಳಿವೆ, ಕತ್ತೆತ್ತಿ ನೋಡುವ ಒಬ್ಬನೂ ಇಲ್ಲ, ಅವನ ಕಿವಿ ಮಾತ್ರ ಇದೆ. ಬಾಂಬು ಬೀಳುವ ಆಟದಲ್ಲಿ ಇದು ಸಣ್ಣ ವಿಷಯ ಅಂತ ನನಗೆ ಅನ್ನಿಸುವುದಿಲ್ಲ. ಕೇಶಿರಾಜ ಶಬ್ದವನ್ನು ಒಂದು ದ್ರವ್ಯ ಅಂತ ಕರೆದು, ಅದು ನಾಭಿಯ ಮೂಲದಿಂದ ಕಹಳೆಯ ಹಾಗೆ ಹುಟ್ಟುತ್ತದೆ ಅಂತ ಜಾಗ ಗುರುತಿಸಿ ಹೇಳಿದ. ಸದ್ದು ಎಲ್ಲಿ ಹುಟ್ಟಿತು, ಯಾರಿಗೆ ಕೇಳಿತು ಅನ್ನುವ ಪ್ರಶ್ನೆ ನಮ್ಮ ಶಾಸ್ತ್ರಕ್ಕೆ ಹೊಸದೇನೂ ಅಲ್ಲ.

ಮಾರುತ ಈಗ ಎಚ್‌ಎಎಲ್ ಮ್ಯೂಸಿಯಮ್ಮಿನ ಅಂಗಳದಲ್ಲಿ ನಿಂತಿದೆ, ಮಕ್ಕಳು ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಾನು ಆಡುವ ಸಿಮ್ಯುಲೇಟರುಗಳಲ್ಲಿ ಅದು ಇಲ್ಲ. ಎರಡು ಆರ್ಫಿಯಸ್ ಒಟ್ಟಿಗೆ ಶುರುವಾಗಿ, ಒಂದು ಸ್ವಲ್ಪ ಹಿಂದೆ ಬಿದ್ದು, ಆಮೇಲೆ ಶ್ರುತಿ ಕೂಡುವುದನ್ನು ತಾತ ಬಾಯಲ್ಲೇ ಮಾಡಿದರು, ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೀನಿ. ನಲವತ್ತು ಸೆಕೆಂಡು ಇದೆ, ಮಧ್ಯೆ ಒಂದು ಸಲ ಉಸಿರು ಎಳೆದುಕೊಳ್ಳುತ್ತಾರೆ. ಗದ್ದಲ ಅಳಿಸುವ ಸೆಟ್ಟಿಂಗ್ ಈ ಸಲ ಆಫ್ ಮಾಡಿದ್ದೀನಿ. ದಯವಿಟ್ಟು ಎಲ್ಲರೂ ಮ್ಯೂಟ್ ಮಾಡ್ಕೊಳ್ಳಿ, ಪ್ಲೇ ಮಾಡ್ತೀನಿ. ಕೇಳಿಸದಿದ್ದರೆ ಚಾಟ್‌ನಲ್ಲಿ ಹಾಕಿ.