ಬಡವರ ತಾಳಿಕೆಗೆ ಯಾವ ಅಳತೆಗೋಲು?

ದಿನಕ್ಕೆ ಎರಡು ಡಾಲರಿನಲ್ಲಿ ಬದುಕುವವರ ಕುರಿತು ವರದಿಗಳಿಗೆ ಬರವಿಲ್ಲ. ಆದರೆ ಆ ಎರಡು ಡಾಲರ್ ದಿನವೂ ಕೈಗೆ ಬರುವುದಿಲ್ಲ. ಒಂದು ದಿನ ಐದು ಬಂದರೆ ಮುಂದಿನೆರಡು ದಿನ ಏನೂ ಇಲ್ಲ. ಈ ಸರಳ ಸತ್ಯವನ್ನು ಲೆಕ್ಕ ಸಮೇತ ತೋರಿಸಿದ ಕೃತಿ 2009ರಲ್ಲಿ ಪ್ರಕಟವಾದ 'ಪೋರ್ಟ್‌ಫೋಲಿಯೋಸ್ ಆಫ್ ದಿ ಪೂರ್'. ಡ್ಯಾರಿಲ್ ಕಾಲಿನ್ಸ್, ಜೊನಾಥನ್ ಮೊರ್ಡಕ್, ಸ್ಟುವರ್ಟ್ ರುದರ್‌ಫೋರ್ಡ್ ಮತ್ತು ಒರ್ಲಾಂಡಾ ರುತ್ವೆನ್ ಇದರ ಲೇಖಕರು.

ಬಾಂಗ್ಲಾದೇಶ, ಭಾರತ ಹಾಗೂ ದಕ್ಷಿಣ ಆಫ್ರಿಕಾದ 250ಕ್ಕೂ ಹೆಚ್ಚು ಕುಟುಂಬಗಳನ್ನು ಸುಮಾರು ಹದಿನೈದು ದಿನಕ್ಕೊಮ್ಮೆ, ಒಂದಿಡೀ ವರ್ಷ ಭೇಟಿಯಾಗಿ ಹಣಕಾಸಿನ ದಿನಚರಿ ಬರೆಯಲಾಯಿತು. ಒಂದೇ ಭೇಟಿಯಲ್ಲಿ ಪ್ರಶ್ನಾವಳಿ ತುಂಬಿಸಿಕೊಂಡು ಹೋಗುವ ಸಮೀಕ್ಷೆಗೆ ಕಾಣದ್ದು ಇಲ್ಲಿ ಕಂಡಿತು. ತೀರಾ ಬಡ ಕುಟುಂಬಕ್ಕೂ ಒಂದಿಷ್ಟು ಉಳಿತಾಯವಿತ್ತು, ಸಾಲವೂ ಇತ್ತು. ನೆರೆಹೊರೆಯ ಬಡ್ಡಿರಹಿತ ಕೈಸಾಲ ಎಲ್ಲೆಡೆ ಇತ್ತು. ಬಡವರಿಗೆ ಹಣದ ಲೆಕ್ಕಾಚಾರ ತಿಳಿಯದೆಂಬ ಅಹಂಕಾರಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ವಿಜಯವಾಡದ ಕೊಳೆಗೇರಿಯ ಒಂದು ಉದಾಹರಣೆ ನೋಡಿ. ಮನೆಮನೆಗೆ ಬಂದು ಉಳಿತಾಯ ಸಂಗ್ರಹಿಸುವ ಮಹಿಳೆಗೆ ಗೃಹಿಣಿಯರು ಐದೈದು ರೂಪಾಯಿಯಂತೆ 220 ಕಂತು ಕಟ್ಟುತ್ತಿದ್ದರು. ಕಟ್ಟಿದ್ದು 1,100 ರೂಪಾಯಿ, ಮರಳಿ ಪಡೆಯುತ್ತಿದ್ದುದು 1,000. ಬ್ಯಾಂಕಿನ ಕಣ್ಣಿಗೆ ಇದು ನಷ್ಟ. ಆದರೆ ಮನೆಯಲ್ಲಿಟ್ಟರೆ ಕರಗಿಹೋಗುವ ದುಡ್ಡನ್ನು ಕಾಯಿಸಿಕೊಳ್ಳಲು ಕೊಟ್ಟ ಕೂಲಿ ಅದು.

ಕೃತಿಯ ಪರಿಹಾರ, ನಂಬಿಕಸ್ಥ ಹಣಕಾಸು ಸೌಲಭ್ಯಗಳನ್ನು ಒದಗಿಸುವುದು. ನಮ್ಮ ತಕರಾರು ಇಲ್ಲಿಯೇ ಆರಂಭವಾಗುತ್ತದೆ. ಕುಟುಂಬವೊಂದು ಕಷ್ಟದಿಂದ ಪಾರಾಯಿತೆಂದು ಹಣದ ಲೆಕ್ಕ ಹೇಳಬಹುದು. ಪಾರಾಗಲು ಯಾರು ಏನನ್ನು ಕಳೆದುಕೊಂಡರು? ಕೊನೆಯಲ್ಲಿ ಉಣ್ಣುವ ತಾಯಿಯ ತಟ್ಟೆಯಲ್ಲಿ ಕಡಿಮೆಯಾದ ಅನ್ನ ಜಮಾ-ಖರ್ಚಿನ ಯಾವ ಕಲಮಿಗೂ ಸೇರದು. ಶಾಲೆ ಬಿಟ್ಟು ದುಡಿಯಲು ಹೋದ ಮಗನ ಕೂಲಿ ಅಲ್ಲಿ ಆದಾಯವಾಗಿಯೇ ಕಾಣುತ್ತದೆ!

ಸಮುದಾಯದ ಶಕ್ತಿಯೂ ಕುಟುಂಬಗಳ ಶಕ್ತಿಯ ಮೊತ್ತವಲ್ಲ. ಒಂದು ಮನೆಗೆ ಕಾಯಿಲೆ ಬಂದರೆ ಪಕ್ಕದ ಮನೆಯ ಕೈಸಾಲ ಆಸರೆಯಾಗುತ್ತದೆ. 2020ರ ಲಾಕ್‌ಡೌನ್‌ನಂತೆ ಇಡೀ ಓಣಿಯ ದುಡಿಮೆಯೇ ನಿಂತರೆ ಕೊಡುವವನೂ ಕೇಳುವವನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಆಗ ಅಳೆಯಬೇಕಾದುದು ಪಡಿತರ ಅಂಗಡಿಯನ್ನು, ಸರಕಾರಿ ಆಸ್ಪತ್ರೆಯನ್ನು, ಕೂಲಿಯ ಭದ್ರತೆಯನ್ನು.

ಬಡವರ ಜಾಣ್ಮೆಯನ್ನು ಕಂಡು ಗೌರವಿಸಿದ ಈ ಕೃತಿಯನ್ನು ನಾವು ಓದಲೇಬೇಕು. ಆದರೆ ಅವರ ಸಹನೆಗೆ ಅಂಕ ಕೊಡುವ ಮೊದಲು, ಅವರನ್ನು ಮತ್ತೆ ಮತ್ತೆ ಆ ಪರೀಕ್ಷೆಗೆ ಕೂರಿಸುತ್ತಿರುವವರು ಯಾರೆಂದೂ ಕೇಳೋಣ.