‘ಸುಮಾರು’ ಬಿಟ್ಟುಹೋದ ಇತಿಹಾಸ

ಸರಳವಾಗಿ ಬರೆದ ಇತಿಹಾಸ ಪುಸ್ತಕಗಳನ್ನು ನಂಬಬಹುದೇ? ಶಾಸನಾಸಕ್ತರಲ್ಲಿ ಹಲವರು ಇಂಥ ಪುಸ್ತಕ ಕಂಡರೆ ಮೂಗು ಮುರಿಯುತ್ತಾರೆ. ನನಗದು ಸರಿ ಕಾಣುವುದಿಲ್ಲ. ಶಾಸನ ಸಂಪುಟಗಳನ್ನು ತಿರುವಿಹಾಕುವವರು ಎಷ್ಟು ಜನ? ಬಿಡಿಸಿ ಹೇಳೋರು ಬೇಕೇ ಬೇಕು. ನನ್ನ ತಕರಾರು ಇರುವುದು ಅವರು ಏನನ್ನು ಬಿಟ್ಟುಬಿಡುತ್ತಾರೆ ಅನ್ನೋದರ ಬಗ್ಗೆ.

ಹಲ್ಮಿಡಿ ಶಾಸನವನ್ನೇ ತೆಗೆದುಕೊಳ್ಳಿ. ಕ್ರಿ.ಶ. 450ರಲ್ಲಿ ಕದಂಬ ಕಾಕುತ್ಸ್ಥವರ್ಮ ಹಾಕಿಸಿದ ಕನ್ನಡದ ಮೊದಲ ಶಾಸನ ಅಂತ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಬೇಲೂರು ತಾಲ್ಲೂಕಿನ ಈ ಶಾಸನವನ್ನು ಎಂ. ಎಚ್. ಕೃಷ್ಣ ಅವರು ಮೈಸೂರು ಪುರಾತತ್ವ ಇಲಾಖೆಯ 1936ರ ವರದಿಯಲ್ಲಿ ಪ್ರಕಟಿಸಿದರು. ಕಲ್ಲಿನಲ್ಲಿ ಶಕವರ್ಷವೇ ಇಲ್ಲ. 450 ಎಂಬುದು ಲಿಪಿ, ಭಾಷೆ, ಅಲ್ಲಿ ಬರುವ ಹೆಸರುಗಳನ್ನು ತೂಗಿನೋಡಿ ಹೇಳಿದ ಅಂದಾಜು. ಅಲ್ಲಿರುವ ಕಕುಸ್ಥ ಕಾಕುತ್ಸ್ಥವರ್ಮನೇ ಹೌದೇ ಎಂಬ ಚರ್ಚೆ ಇದೆ. ತಾಳಗುಂದದ ಸಿಂಹಕಟಾಂಜನ ಶಾಸನ ಇದಕ್ಕಿಂತ ಹಳೆಯದು ಎಂಬ ವಾದವೂ ಇದೆ. ಇಷ್ಟನ್ನೂ ವಿವರಿಸಬೇಕಿಲ್ಲ, ‘ಸುಮಾರು’ ಅಂತ ಒಂದು ಪದ ಸೇರಿಸಿದ್ದರೆ ಸಾಕಿತ್ತು. ವಿಜ ಅರಸನಿಗೆ ಸಿಕ್ಕ ಊರುಗಳು ‘ಬಾಳ್ಗಳ್ಚು’, ಅಂದರೆ ಕತ್ತಿ ತೊಳೆಯುವ ಗೌರವದ ದತ್ತಿ. ಯಾವ ಓದುಗರಿಗೂ ಥಟ್ಟನೆ ಹಿಡಿಸುವ ಇಂಥ ಮಾತೇ ಎಷ್ಟೋ ಸಲ ಕಾಣೆಯಾಗಿರುತ್ತದೆ!

ಇನ್ನು ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ ವಿಷಯ. ಇದರ ಆಧಾರ ಐಹೊಳೆಯ ಮೇಗುತಿ ಜಿನಾಲಯದ ಶಾಸನ, ಶಕ 556, ಅಂದರೆ ಕ್ರಿ.ಶ. 634-35ರದ್ದು. ಬರೆದವನು ಪುಲಕೇಶಿಯ ಕೃಪೆಗೆ ಪಾತ್ರನಾದ ಕವಿ ರವಿಕೀರ್ತಿ. ಹರ್ಷ ತನ್ನ ಹರ್ಷವನ್ನೇ ಕಳೆದುಕೊಂಡ ಅಂತ ಶ್ಲೇಷೆ ಮಾಡುತ್ತಾನೆ, ಯುದ್ಧ ನಡೆದ ವರ್ಷ ಹೇಳುವುದಿಲ್ಲ. ಇದು ಪ್ರಶಸ್ತಿ, ಯುದ್ಧದ ವರದಿಯಲ್ಲ. ಹಾಗಂತ ಸುಳ್ಳೂ ಅಲ್ಲ. ಹರ್ಷನ ಆದರ ಪಡೆದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗನೇ, ಪುಲಕೇಶಿ ಅವನಿಗೆ ಮಣಿಯಲಿಲ್ಲ ಎಂದು ಬರೆದಿದ್ದಾನೆ. ಹೊಗಳುಭಟನ ಮಾತಿಗೆ ಎದುರು ಪಾಳೆಯದ ಕಡೆಯಿಂದ ಸಾಕ್ಷಿ ಸಿಕ್ಕಿದೆ ನೋಡಿ, ನಂಬಿಕೆ ಬರುವುದು ಅದರಿಂದ. ಜನಪ್ರಿಯ ಪುಸ್ತಕಗಳು ಗೆಲುವನ್ನಷ್ಟೇ ಉಳಿಸಿಕೊಂಡು ಸಾಕ್ಷಿಯನ್ನು ಕೈಬಿಡುತ್ತವೆ. ಆಗ ನಿಜವಾದ ಸಂಗತಿಯೂ ಬರೀ ಅಭಿಮಾನದ ಮಾತಿನಂತೆ ಕೇಳಿಸುತ್ತದೆ.

ಹಾಗಾಗಿ ಇಂಥ ಪುಸ್ತಕ ಕೊಳ್ಳುವ ಮುನ್ನ ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಶಾಸನದ ಪುಟ ತೆರೆದು ನೋಡಿ. ತೇದಿ ಕಲ್ಲಿನ ಮೇಲಿದೆಯೋ ವಿದ್ವಾಂಸರು ಊಹಿಸಿದ್ದೋ, ಮಾತು ಯಾರದು ಎಂಬುದನ್ನು ಲೇಖಕರು ಹೇಳಿದ್ದಾರಾ? ಹೇಳಿದ್ದರೆ ಧೈರ್ಯವಾಗಿ ಕೊಳ್ಳಿ, ಮಕ್ಕಳಿಗೂ ಕೊಡಿ. ಇಲ್ಲದಿದ್ದರೆ ಕಥೆ ಅಂತ ಓದಿಕೊಳ್ಳಿ, ಆಧಾರ ಅಂತ ಎತ್ತಿ ತೋರಿಸಬೇಡಿ.