ನಂಟಿನ ನಕ್ಷೆಗೆ ಸಿಗದ ವಿಜಯಪುರ

ಮಾದಾರ ಚೆನ್ನಯ್ಯನನ್ನು ಅಪ್ಪನೆಂದೂ ಡೋಹಾರ ಕಕ್ಕಯ್ಯನನ್ನು ಮನೆಯ ಹಿರಿಯನೆಂದೂ ಕರೆದುಕೊಳ್ಳುವ ಬಸವಣ್ಣನ ವಚನ ಕನ್ನಡಿಗರಿಗೆ ಚೆನ್ನಾಗಿ ಗೊತ್ತು. ಬ್ರಾಹ್ಮಣ ಮನೆಯಲ್ಲಿ ಹುಟ್ಟಿದವನು ಕುಲದ ಲೆಕ್ಕವನ್ನೇ ತಿರಸ್ಕರಿಸಿ ಆಡಿದ ಮಾತದು. ಹಿಂದುಮುಂದಿನ ಸಂದರ್ಭ ಹೇಳದೆ ಅದನ್ನು ಕೃತಕ ಬುದ್ಧಿಮತ್ತೆಯ ಮುಂದಿಟ್ಟು, ಇದರಲ್ಲಿ ಯಾರಿಗೆ ಯಾರು ಏನಾಗಬೇಕು ಎಂದು ಕೇಳಿದರೆ ಅದು ಚೆನ್ನಯ್ಯನಿಂದ ಬಸವಣ್ಣನಿಗೆ ತಂದೆ–ಮಗ ಎಂಬ ಗೆರೆ ಎಳೆದುಬಿಡಬಹುದು. ಯಾವ ವಂಶಾವಳಿಯನ್ನು ಅಳಿಸಲು ವಚನ ಹುಟ್ಟಿತೋ ಅದೇ ವಚನದಿಂದ ಹೊಸದೊಂದು ವಂಶಾವಳಿ ತಯಾರಾದಂತಾಯಿತು.

ಮಾನವಿಕ ಸಂಶೋಧನೆಯಲ್ಲಿ ಈಗ ಇಂಥ ನಕ್ಷೆಗಳ ಕಾಲ. ಸಾವಿರಾರು ಪುಟಗಳನ್ನು ಯಂತ್ರ ಓದುತ್ತದೆ, ಹೆಸರುಗಳನ್ನು ಹೆಕ್ಕುತ್ತದೆ, ಯಾರು ಯಾರ ಜೊತೆ ಕಾಣಿಸಿಕೊಂಡಿದ್ದಾರೆಂದು ನೋಡಿ ಬಿಂದುಗಳ ನಡುವೆ ಗೆರೆ ಹಾಕುತ್ತದೆ. ಇದರ ಒಳ್ಳೆಯ ಮಾದರಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ವಿದ್ವಾಂಸರು ಮತ್ತು ಅವರ ಸಂಗಡಿಗರು ಕಟ್ಟಿದ 'ಸಿಕ್ಸ್ ಡಿಗ್ರೀಸ್ ಆಫ್ ಫ್ರಾನ್ಸಿಸ್ ಬೇಕನ್'. 1500ರಿಂದ 1700ರವರೆಗಿನ ಬ್ರಿಟನ್ನಿನ 13,000ಕ್ಕೂ ಹೆಚ್ಚು ಜನರ ಪರಿಚಯ ಜಾಲವನ್ನು ಅವರು ಆಕ್ಸ್‌ಫರ್ಡ್‌ನ ರಾಷ್ಟ್ರೀಯ ಜೀವನಚರಿತ್ರೆ ಕೋಶದ ಬರಹಗಳಿಂದ ಸಂಖ್ಯಾಶಾಸ್ತ್ರದ ವಿಧಾನದಲ್ಲಿ ಊಹಿಸಿದರು. ಅಲ್ಲಿ ಮೆಚ್ಚಬೇಕಾದ ಸಂಗತಿ ಒಂದಿದೆ. ಪ್ರತಿ ಗೆರೆಗೂ ಅದನ್ನು ಎಷ್ಟರ ಮಟ್ಟಿಗೆ ನಂಬಬಹುದೆಂಬ ಅಂದಾಜನ್ನು ಜೋಡಿಸಿದ್ದಾರೆ. ತಿದ್ದುವ, ಸೇರಿಸುವ ಅವಕಾಶವನ್ನು ಬೇರೆ ವಿದ್ವಾಂಸರಿಗೂ ಕೊಟ್ಟಿದ್ದಾರೆ. ಕೋಶದಲ್ಲಿ ಹೆಂಗಸರು ತೀರ ಕಡಿಮೆ ಇದ್ದುದರಿಂದ ಜಾಲದಲ್ಲೂ ಕಡಿಮೆಯಾದರು. ಅದನ್ನು ಆ ತಂಡವೇ ಗುರುತಿಸಿ, ಹೆಂಗಸರ ಹೆಸರುಗಳನ್ನು ಸೇರಿಸಲು ಪ್ರತ್ಯೇಕ ಪ್ರಯತ್ನ ನಡೆಸಿತು.

ಇದೇ ವಿಧಾನ ವಿಜಯಪುರ ಸೀಮೆಗೆ ಬಂದರೆ ಏನಾದೀತು? ಸಾಮಗ್ರಿಗೇನೂ ಬರವಿಲ್ಲ. ಫ. ಗು. ಹಳಕಟ್ಟಿಯವರು ಮಠಗಳಿಂದ, ಮನೆಗಳಿಂದ ತಾಳೆಗರಿಗಳನ್ನು ಕೂಡಿಹಾಕಿ 1923ರಲ್ಲಿ 'ವಚನಶಾಸ್ತ್ರಸಾರ' ಪ್ರಕಟಿಸಿದರು. ಬಳಿಕ ವಿಜಯಪುರದಲ್ಲೇ ಹಿತಚಿಂತಕ ಮುದ್ರಣಾಲಯ ತೆರೆದು, 1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭಿಸಿದರು. ಇಂದು ವಚನ ಸಂಚಯದ ಜಾಲತಾಣದಲ್ಲಿ 20,000ಕ್ಕೂ ಹೆಚ್ಚು ವಚನಗಳಲ್ಲಿ ಬೇಕಾದ ಪದವನ್ನು ಕ್ಷಣದಲ್ಲಿ ಹುಡುಕಬಹುದು. ಯಾವ ಶರಣ ಯಾರನ್ನು ಎಷ್ಟು ಸಲ ನೆನೆದಿದ್ದಾನೆಂದು ತಿಳಿಯಲು ಹಿಂದೆ ವಿದ್ವಾಂಸನೊಬ್ಬ ವರ್ಷಗಟ್ಟಲೆ ಕೂರಬೇಕಿತ್ತು. ಈ ಉಪಕಾರ ಸಣ್ಣದಲ್ಲ.

ತೊಡಕು ಶುರುವಾಗುವುದು ನೆನೆದದ್ದನ್ನೇ ಭೇಟಿ ಎಂದು ಓದಿದಾಗ. ಅಲ್ಲಮಪ್ರಭು ಮತ್ತು ಅಕ್ಕಮಹಾದೇವಿಯರ ಸಂವಾದವನ್ನೇ ತೆಗೆದುಕೊಳ್ಳಿ. ಕಲ್ಯಾಣದ ಆ ದೃಶ್ಯ ನಮ್ಮ ಮನಸ್ಸಿನಲ್ಲಿ ನಿಂತಿರುವುದು ಹದಿನೈದನೆಯ ಶತಮಾನದ 'ಶೂನ್ಯಸಂಪಾದನೆ'ಯಿಂದ. ಸಂಪಾದಕರು ಬಿಡಿ ವಚನಗಳನ್ನು ಎದುರುಬದುರು ಕೂರಿಸಿ, ನಡುವೆ ಗದ್ಯದ ಕೊಂಡಿ ಹಾಕಿ, ಅದ್ಭುತವಾದ ನಾಟಕ ಕಟ್ಟಿದರು. ಅದಕ್ಕಿಂತ ಬಹಳ ಹಿಂದಿನ ಹರಿಹರನ ರಗಳೆಯಲ್ಲಿ ಮಹಾದೇವಿಯಕ್ಕನ ದಾರಿ ಉಡುತಡಿಯಿಂದ ಶ್ರೀಶೈಲಕ್ಕೆ. ನಡುವೆ ಕಲ್ಯಾಣವೇ ಬರುವುದಿಲ್ಲ. ಎರಡೂ ಕೃತಿಗಳನ್ನು ಒಟ್ಟಿಗೆ ನುಂಗಿದ ಯಂತ್ರಕ್ಕೆ ಈ ಅಂತರವನ್ನು ಯಾರಾದರೂ ಹೇಳಿಕೊಡಬೇಕು. ಹೇಳಿಕೊಡದಿದ್ದರೆ ಸಂಪಾದಕರ ಕಲ್ಪನೆ ಹನ್ನೆರಡನೆಯ ಶತಮಾನದ ಪುರಾವೆಯಾಗಿ ಹೊರಬರುತ್ತದೆ. ಅದೂ ಬಣ್ಣದ ಚಿತ್ರವಾಗಿ. ಬಣ್ಣದ ಚಿತ್ರದ ಜೊತೆ ವಾದ ಮಾಡುವುದು ಕಷ್ಟ.

ಹೆಸರುಗಳ ತೊಡಕು ಬೇರೆ. ಈ ಭಾಗದ ಅಡ್ಡಹೆಸರುಗಳಲ್ಲಿ ಬಹಳಷ್ಟು ಊರ ಹೆಸರುಗಳೇ. ಬಬಲೇಶ್ವರ ಎಂಬುದು ತಾಲೂಕು ಕೇಂದ್ರ, ಅಡ್ಡಹೆಸರೂ ಹೌದು. ಸಂಶೋಧಕ ಎಂ. ಎಂ. ಕಲಬುರ್ಗಿಯವರ ಅಡ್ಡಹೆಸರೂ ಊರ ಹೆಸರೇ, ಅವರು ಹುಟ್ಟಿದ್ದು ಮಾತ್ರ ಸಿಂದಗಿ ತಾಲೂಕಿನಲ್ಲಿ. ಒಂದೇ ಅಡ್ಡಹೆಸರಿನ ಇಬ್ಬರನ್ನು ದಾಯಾದಿಗಳೆಂದು ತಿಳಿಯುವುದು, ವ್ಯಕ್ತಿಯನ್ನು ಊರೆಂದು ಬಗೆಯುವುದು ಇಲ್ಲಿ ಯಂತ್ರಕ್ಕೆ ಅತಿ ಸುಲಭದ ತಪ್ಪು. ತಿಕೋಟಾ ಸಂತೆಯಲ್ಲಿ ನಿಂತ ಯಾವ ಹಿರಿಯರಾದರೂ ಯಾವ ಮನೆತನ, ಯಾವ ಓಣಿ ಎಂದು ಎರಡು ಪ್ರಶ್ನೆ ಕೇಳಿ ಇದನ್ನು ಬಗೆಹರಿಸಿಬಿಡುತ್ತಾರೆ.

ವಿಜಯಪುರದ ಸಂಬಂಧಗಳನ್ನು ಯಂತ್ರದ ನೆರವಿಲ್ಲದೆ, ಅಪಾರ ಶ್ರಮದಿಂದ ಗುರುತಿಸಿದ ಪುಸ್ತಕ ರಿಚರ್ಡ್ ಈಟನ್ ಅವರ 'ಸೂಫೀಸ್ ಆಫ್ ಬಿಜಾಪುರ್'. ಬಂದದ್ದು 1978ರಲ್ಲಿ. ಮೀರಾಂಜಿ ಶಮ್ಸುಲ್ ಉಷ್ಶಾಕ್, ಅವರ ಮಗ ಬುರ್ಹಾನುದ್ದೀನ್ ಜಾನಂ, ಮೊಮ್ಮಗ ಅಮೀನುದ್ದೀನ್ ಆಲಾ: ಇಲ್ಲಿ ರಕ್ತಸಂಬಂಧವೂ ಗುರುಪರಂಪರೆಯೂ ಹೆಣೆದುಕೊಂಡಿವೆ. ಯಾವ ಸೂಫಿ ಆಸ್ಥಾನದ ಇನಾಂ ಪಡೆದ, ಯಾರು ದೂರ ನಿಂತ ಎಂಬುದನ್ನೂ ಈಟನ್ ಬಿಡಿಸಿ ನೋಡಿದರು. ಇಷ್ಟನ್ನು ಇಂದಿನ ಯಂತ್ರವೂ ದಾಖಲೆಗಳಿಂದ ಬೇಗ ಎತ್ತಿಕೊಟ್ಟೀತು. ಆದರೆ ಅವರ ಅತ್ಯಂತ ಬೆಲೆಯುಳ್ಳ ಗ್ರಹಿಕೆ ಹೆಸರುಗಳ ಪಟ್ಟಿಯಿಂದ ಬಂದದ್ದಲ್ಲ, ಚಕ್ಕಿನಾಮಾಗಳಿಂದ. ಅವು ಹೆಂಗಸರು ಬೀಸುವಾಗ ಹಾಡಿಕೊಳ್ಳಲೆಂದು ದಖನಿ ಭಾಷೆಯಲ್ಲಿ ರಚಿಸಿದ ಪದಗಳು. ಅವುಗಳಲ್ಲೊಂದು ಬೀಸುಕಲ್ಲಿನ ಗೂಟವನ್ನು ಅಲಿಫ್ ಅಕ್ಷರಕ್ಕೆ ಹೋಲಿಸಿ ಅಲ್ಲಾಹನನ್ನು ನೆನೆಯುತ್ತದೆ. ಸೂಫಿ ವಿಚಾರ ಹಳ್ಳಿಯ ಅಡುಗೆಮನೆ ಮುಟ್ಟಿದ್ದು ಈ ಹೆಂಗಸರ ಮೂಲಕ ಎಂದು ಈಟನ್ ವಾದಿಸಿದರು. ಹಾಡಿದವರ ಹೆಸರು ಯಾವ ಹಸ್ತಪ್ರತಿಯಲ್ಲೂ ಇಲ್ಲ. ನಕ್ಷೆಯಲ್ಲಿ ಅವರಿಗೆ ಒಂದು ಬಿಂದುವೂ ಸಿಗುವುದಿಲ್ಲ.

ಕನ್ನಡದ ಕಡೆಯೂ ಇದೇ ಕಥೆ. ಹಲಸಂಗಿ ಗೆಳೆಯರು ಈ ಸೀಮೆಯ ತ್ರಿಪದಿಗಳನ್ನು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ತಂದರು. ಮನುಷ್ಯ ಸಂಬಂಧಗಳ ಇಂಥ ದಟ್ಟ ದಾಖಲೆ ಕನ್ನಡದಲ್ಲಿ ಅಪರೂಪ. ತವರಿನ ಹಂಬಲ, ಕರೆಯಲು ಬಾರದ ಅಣ್ಣನ ಮೇಲಿನ ಮುನಿಸು, ಅತ್ತೆ, ನಾದಿನಿ, ತೊಟ್ಟಿಲ ಕೂಸು, ಎಲ್ಲವೂ ಅಲ್ಲಿವೆ. ವ್ಯಕ್ತಿನಾಮ ಹುಡುಕುವ ತಂತ್ರಾಂಶಕ್ಕೆ ಮಾತ್ರ ಅದು ಬಹುಪಾಲು ಬರಿದಾದ ಪುಸ್ತಕ. ಮಾತಿನ ಯಂತ್ರಗಳು ಈಗ ಅತ್ತೆ–ಸೊಸೆ ಎಂಬ ನಂಟನ್ನು ಗುರುತಿಸಬಲ್ಲವು ಎನ್ನುವವರಿದ್ದಾರೆ. ಗುರುತಿಸಲಿ. ಆದರೆ ಒಂದೇ ತ್ರಿಪದಿಯನ್ನು ಹತ್ತು ಊರಿನ ನೂರು ಹೆಂಗಸರು ತಮ್ಮ ತಮ್ಮ ಅಣ್ಣನನ್ನು ನೆನೆದು ಹಾಡುತ್ತಾರೆ. ಅದನ್ನು ಎಣಿಸುವುದು ಒಂದು ಸಂಬಂಧವೆಂದೋ, ನೂರೆಂದೋ?

ತಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ, 2023ರ ಜನವರಿ 2ರಂದು ತೀರಿಕೊಂಡ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನ ಕೇಳಲು ಕೂತವರ ಪಟ್ಟಿಯೂ ಎಲ್ಲೂ ಇಲ್ಲ. ಗುರು ಮಲ್ಲಿಕಾರ್ಜುನ ಸ್ವಾಮೀಜಿಯಿಂದ ಶಿಷ್ಯನಿಗೆ ಒಂದು ಗೆರೆ ಎಳೆದು ನಕ್ಷೆ ಸುಮ್ಮನಾಗುತ್ತದೆ. ಬೆಳಗಿನ ಚಳಿಯಲ್ಲಿ ಕಂಬಳಿ ಹೊದ್ದು ಬಂದು ಕೂತ ರೈತನಿಗೂ ಆ ಮಾತಿಗೂ ಇದ್ದ ನಂಟು ಅದರ ಹೊರಗೇ ಉಳಿಯುತ್ತದೆ.

ಹಾಗೆಂದು ಈ ಉಪಕರಣವನ್ನು ದೂರ ಇಡುವುದು ತಪ್ಪು. ವಿದ್ವಾಂಸ ಕಂಡಿರದ ಎರಡು ಹೆಸರುಗಳ ಸಾಮೀಪ್ಯವನ್ನು ತೋರಿಸಿ, ಇಲ್ಲಿ ಹುಡುಕಿ ನೋಡು ಎಂದು ಅವನಿಗೆ ಸುಳಿವು ಕೊಡುವಲ್ಲಿ ಅದಕ್ಕೆ ಸಾಟಿಯಿಲ್ಲ. ಕರಾರು ಮಾತ್ರ ಗಟ್ಟಿಯಾಗಿರಬೇಕು. ಪ್ರತಿ ಗೆರೆಯೂ ಯಾವ ಕೃತಿಯಿಂದ, ಯಾವ ಶತಮಾನದಿಂದ ಬಂತು, ಅದು ರಕ್ತದ ನಂಟೋ, ದೀಕ್ಷೆಯದೋ, ಭಕ್ತಿಯಲ್ಲಿ ಹೇಳಿಕೊಂಡದ್ದೋ ಎಂಬುದು ಗೆರೆಯ ಜೊತೆಗೇ ಕಾಣಬೇಕು. ವಿಜಯಪುರದಿಂದ ತಿಕೋಟಾ ಕಡೆಗೆ ಹೊರಟರೆ ತೊರವಿಯಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಸಿಗುತ್ತದೆ. ನಗರದಲ್ಲಿ ಬಿಎಲ್‌ಡಿಇ ಸಂಸ್ಥೆಯ ಹಳಕಟ್ಟಿ ಸಂಶೋಧನ ಕೇಂದ್ರವಿದೆ. ಇಂಥ ಕೆಲಸಕ್ಕೆ ಕೈಹಾಕುವುದಾದರೆ ಇವರು ಮೊದಲು ಮಾಡಬೇಕಾದದ್ದು ತಂತ್ರಾಂಶದ ಖರೀದಿಯಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಬೀಸುವ ಪದ ಬಲ್ಲ ಮುದುಕಿಯರು ಇನ್ನೂ ಇರುವಾಗಲೇ, ಅವರು ಒಪ್ಪಿದರೆ, ಹಾಡನ್ನೂ, ಹಾಡಿದವರ ಹೆಸರನ್ನೂ, ಆ ಹಾಡು ಅವರಿಗೆ ತವರಿನಲ್ಲಿ ಬಂತೋ ಗಂಡನ ಮನೆಯಲ್ಲಿ ಬಂತೋ ಎಂಬುದನ್ನೂ ಬರೆದಿಟ್ಟುಕೊಳ್ಳಬೇಕು. ಯಂತ್ರಕ್ಕೆ ಓದಲು ಕೊಡುವುದು ಆಮೇಲೆ.